ಒಂದೇ ನೇರದಲ್ಲಿ ಎರಡು ಗೊಂಚಲು

ಮ್ಯೂನಿಕ್, ಶನಿವಾರ

ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ರಟ್ಟಿನ ಫಲಕ ಹಿಡಿದು ನಿಂತಿದ್ದಳು. ಅದರ ಮೇಲೆ ಎರಡು ಹೆಸರುಗಳಿದ್ದವು: ವಿರೂಪಾಕ್ಷಪ್ಪ, ಶಾಹೀನಾ. ಹೋಗಿ ಅವಳ ಮುಂದೆ ನಿಂತವಳು ನಾನೊಬ್ಬಳೇ.

"ಇನ್ನೊಬ್ಬರು?" ಎನ್ನುತ್ತ ಅವಳು ನನ್ನ ಬೆನ್ನ ಹಿಂದೆ ನೋಡಿದಳು.

"ಅವರು ತೀರಿಕೊಂಡರು. ಎರಡು ತಿಂಗಳಾಯಿತು."

ಅವಳ ಹೆಸರು ಎಲಿಫ್. ಟರ್ಕಿ ದೇಶದವಳು, ನಾನು ಹೋಗಬೇಕಿದ್ದ ಖಗೋಳ ಸಂಸ್ಥೆಯಲ್ಲಿ ಸಂಶೋಧಕಿ. ಸುದ್ದಿಯನ್ನು ನಾನು ಗುಂಪಿನ ಮುಖ್ಯಸ್ಥರಿಗೆ ಬರೆದಿದ್ದೆ. ಫಲಕ ಬರೆದವರಿಗೆ ಅದು ಮುಟ್ಟಿರಲಿಲ್ಲ. ಅವಳ ಮುಖ ಕೆಂಪಾಯಿತು. ಪಕ್ಕದಲ್ಲೇ ಕಸದ ಡಬ್ಬಿ ಇತ್ತು. ಅವಳು ಅದರಲ್ಲಿ ಎಸೆಯದೆ, ಹೆಸರು ಒಳಗೆ ಬರುವಂತೆ ಫಲಕವನ್ನು ಮಡಚಿ ತನ್ನ ಚೀಲದಲ್ಲಿ ಇಟ್ಟುಕೊಂಡಳು. ಆ ಸಣ್ಣ ನಡತೆಯಿಂದಲೇ ನನಗೆ ಅವಳ ಮೇಲೆ ನಂಬಿಕೆ ಹುಟ್ಟಿತು.

ನನ್ನ ಕೈಯಲ್ಲಿ ಲ್ಯಾಪ್‌ಟಾಪಿನ ಚೀಲವೊಂದೇ ಇತ್ತು. ದೊಡ್ಡ ಬ್ಯಾಗು ಬೆಂಗಳೂರಿನಲ್ಲಿ ನನ್ನ ಜೊತೆ ಹೊರಟು ನಡುವೆ ಎಲ್ಲೋ ಇಳಿದುಕೊಂಡಿತ್ತು. ನಮ್ಮ ಕಡೆ ಬಸ್ಸಿನಲ್ಲಿ ಗಂಟು ತಪ್ಪಿದರೆ ಕಂಡಕ್ಟರನ ಜೊತೆ ಅರ್ಧ ತಾಸು ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದು. ಇಲ್ಲಿಯ ಕೌಂಟರಿನ ಹುಡುಗಿ ಎಷ್ಟು ಮೆತ್ತಗೆ ಕ್ಷಮೆ ಕೇಳಿದಳೆಂದರೆ, ಕೊನೆಗೆ ನಾನೇ ಅವಳಿಗೆ ಸಮಾಧಾನ ಹೇಳಿ ಬಂದಿದ್ದೆ.

ಊರೊಳಗೆ ಹೋಗುವ ರೈಲಿನಲ್ಲಿ ಎಲಿಫ್ ಕೇಳಿದಳು. "ಅಷ್ಟು ದೂರದಲ್ಲಿ ಕುಳಿತು ನೀವಿಬ್ಬರೂ ಈ ಕೆಲಸಕ್ಕೆ ಹೇಗೆ ಬಂದಿರಿ?"

ಹೇಳಿದೆ. ನಾನು ಸಿರುಗುಪ್ಪದವಳು. ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ವಿರೂಪಾಕ್ಷಪ್ಪ ಸರ್ ಕುರುಗೋಡಿನವರು. ಮೊದಲು ನನಗೆ ಪಾಠ ಹೇಳಿದವರು, ಆಮೇಲೆ ಹದಿನಾಲ್ಕು ವರ್ಷ ಒಂದೇ ಮೇಜಿನ ಎದುರುಬದುರು ಕುಳಿತವರು. ಪ್ರತಿದಿನ ಕುರುಗೋಡಿನಿಂದ ಬಸ್ಸಿಗೆ ಬಂದು ಬಸ್ಸಿಗೇ ಹೋಗುತ್ತಿದ್ದರು. ಗೆಲಾಕ್ಸಿ ಗೊಂಚಲುಗಳನ್ನು ಎಣಿಸುವ ಈ ಗುಂಪಿನವರು ಬೇರೆ ಬೇರೆ ದೇಶಗಳ ಅಧ್ಯಾಪಕರನ್ನು ಸಹಾಯಕ್ಕೆ ಕರೆದಾಗ, ಮೊದಲು ಅರ್ಜಿ ಹಾಕಿದ್ದು ಸರ್. ನನ್ನ ಹೆಸರನ್ನು ನನ್ನನ್ನು ಕೇಳದೆಯೇ ಸೇರಿಸಿದ್ದರು.

ಓದುಗರಿಗೆ ಇಲ್ಲಿ ಎರಡು ಮಾತು ಹೇಳಬೇಕು. ನಾವಿರುವ ಆಕಾಶಗಂಗೆಯಂಥ ಗೆಲಾಕ್ಸಿಗಳು ನೂರಾರು ಸಂಖ್ಯೆಯಲ್ಲಿ ಒಂದನ್ನೊಂದು ಎಳೆದುಕೊಂಡು ಗೊಂಚಲಾಗಿ ಕೂಡುತ್ತವೆ. ಅವುಗಳ ನಡುವಿನ ಬಿಸಿ ಅನಿಲ ಎಕ್ಸ್-ರೇ ಬೆಳಕು ಸೂಸುತ್ತದೆ. ಉಪಗ್ರಹದಲ್ಲಿಟ್ಟ ದೂರದರ್ಶಕ ಅದನ್ನು ಹಿಡಿಯುತ್ತದೆ. ಇತ್ತ ವಿಶ್ವ ಹಿಗ್ಗುತ್ತಲೇ ಇದೆ, ಹಿಗ್ಗುವ ವೇಗವೂ ಏರುತ್ತಿದೆ. ಅದನ್ನು ಏರಿಸುತ್ತಿರುವ ಶಕ್ತಿಗೆ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟಿದ್ದಾರೆ. ಕಪ್ಪು ಶಕ್ತಿ ಎಂದು ಕನ್ನಡದಲ್ಲಿ ಬರೆಯುತ್ತೇವೆ. ಕಪ್ಪಲ್ಲ, ಏನೆಂದು ಗೊತ್ತಿಲ್ಲ ಅಷ್ಟೆ. ಗುರುತ್ವ ಕೂಡಿಸಲು ನೋಡುತ್ತದೆ, ಇದು ಅಗಲಿಸಲು ನೋಡುತ್ತದೆ. ಹಾಗಾಗಿ ಯಾವ ಕಾಲದಲ್ಲಿ ಎಷ್ಟು ಭಾರದ ಗೊಂಚಲುಗಳು ಕೂಡಿಕೊಂಡಿದ್ದವು ಎಂದು ಎಣಿಸಿದರೆ, ಆ ಅಗಲಿಸುವ ಶಕ್ತಿ ಆಗ ಎಷ್ಟಿತ್ತು, ಕಾಲ ಕಳೆದಂತೆ ಬದಲಾಯಿತೇ ಎಂದು ತಿಳಿಯಬಹುದು. ದೂರದ ಬೆಳಕು ಹಳೆಯ ಬೆಳಕು. ಎಷ್ಟು ದೂರ ನೋಡುತ್ತೇವೋ ಅಷ್ಟು ಹಿಂದಿನ ಕಾಲ ಕಾಣುತ್ತದೆ.

ತೊಂದರೆ ಒಂದಿದೆ. ಒಂದು ಗೊಂಚಲಿನ ಹಿಂದೆ, ಅದೇ ನೇರದಲ್ಲಿ, ಬಹಳ ದೂರದಲ್ಲಿ ಇನ್ನೊಂದು ಗೊಂಚಲಿದ್ದರೆ ಎರಡೂ ಸೇರಿ ಒಂದೇ ಭಾರಿ ಗೊಂಚಲಿನಂತೆ ಕಾಣುತ್ತವೆ. ಲೆಕ್ಕ ಕೆಡುತ್ತದೆ. ಸರ್ ಇದನ್ನು ಮಕ್ಕಳಿಗೆ ಹೇಳುತ್ತಿದ್ದ ರೀತಿ ಬೇರೆ. "ಬಸ್ಸಿನಾಗ ಕುಂತು ನೋಡ್ರಿ. ನಮ್ಮ ಕುರುಗೋಡಿನ ಗುಡ್ಡ ಎರಡು ಒಂದರ ಹಿಂದೊಂದು ನಿಂತು ಒಂದ ದೊಡ್ಡ ಗುಡ್ಡ ಆಗಿ ಕಾಣ್ತಾವು. ಬಸ್ ತಿರುಗಿತು ಅಂದ್ರ ಬ್ಯಾರೆ ಬ್ಯಾರೆ ಆಗ್ತಾವು. ಆಕಾಶದಾಗ ನಮ್ಮ ಬಸ್ ತಿರುಗಂಗಿಲ್ಲ. ಅದಕ್ಕ ಬಣ್ಣ ನೋಡಬೇಕು."

ದೂರದ ಗೆಲಾಕ್ಸಿ ಹೆಚ್ಚು ಕೆಂಪಗೆ, ಹೆಚ್ಚು ಮಂಕಾಗಿ ಕಾಣುತ್ತದೆ. ಒಂದೇ ಚಿತ್ರದಲ್ಲಿ ಹಳದಿ ಗೆಲಾಕ್ಸಿಗಳ ಜೊತೆ ಮಂಕು ಕೆಂಪಿನವೂ ಗುಂಪಾಗಿದ್ದರೆ ಅದು ಜೋಡಿ. ಕಂಪ್ಯೂಟರಿಗೆ ಅನುಮಾನ ಬಂದ ಚಿತ್ರಗಳನ್ನು ಮನುಷ್ಯರು ಕಣ್ಣಾರೆ ನೋಡಿ 'ಒಂದು' ಅಥವಾ 'ಜೋಡಿ' ಎಂದು ಬರೆಯಬೇಕು. ಕಂತು ಕಂತಾಗಿ ಬರುವ ಆ ಚಿತ್ರಗಳನ್ನು ನೋಡುವುದು ನಮ್ಮಿಬ್ಬರ ಕೆಲಸ.

ಎಲಿಫ್ ಎಲ್ಲ ಕೇಳಿ, "ಸೋಮವಾರ ನೀವು ಇಬ್ಬರ ಪರವಾಗಿಯೂ ಮಾತಾಡಬೇಕಾಗುತ್ತದೆ" ಎಂದಳು. ನನಗೆ ಅದೇ ಭಯವಾಗಿತ್ತು. ಇಷ್ಟು ವರ್ಷ ಮಾತಾಡುತ್ತಿದ್ದವರು ಸರ್.

ಭಾನುವಾರ, ಹೆಲ್ಗಾ ಅವರ ಮನೆ

ನನಗೆ ಕೋಣೆ ಕೊಟ್ಟವರು ಹೆಲ್ಗಾ ಎಂಬ ಎಪ್ಪತ್ತು ದಾಟಿದ ಹೆಂಗಸು. ಹಾಕಿಕೊಂಡು ಬಂದ ಚೂಡಿದಾರ ಬಿಟ್ಟರೆ ನನಗೆ ಬಟ್ಟೆ ಇರಲಿಲ್ಲ. ಅಂಗಡಿಗೆ ಹೋಗೋಣವೆಂದರೆ ಭಾನುವಾರ ಇಡೀ ಊರಿಗೆ ಬೀಗ. ನಮ್ಮ ಬಳ್ಳಾರಿಯಲ್ಲಿ ಬಂದ್ ಕರೆ ಕೊಟ್ಟ ದಿನವೂ ಒಂದು ಚಹಾ ಅಂಗಡಿಯ ಅರ್ಧ ಶಟರ್ ತೆರೆದಿರುತ್ತದೆ. ಇಲ್ಲಿ ಯಾರೂ ಕರೆ ಕೊಡದೆಯೇ ಎಲ್ಲ ಮುಚ್ಚಿತ್ತು. ಕೈಯಲ್ಲಿ ಒಗೆದ ದುಪಟ್ಟಾವನ್ನು ಬಾಲ್ಕನಿಯಲ್ಲಿ ಹರವಲು ಹೋದರೆ ಹೆಲ್ಗಾ ಓಡಿ ಬಂದು, ಇಂದು ಬೇಡ ಎಂದು ಕೈಯಾಡಿಸಿ ಒಳಗೆ ಕರೆದುಕೊಂಡು ಹೋದರು. ಭಾನುವಾರ ಒಗೆದ ಬಟ್ಟೆ ಬೀದಿಗೆ ಕಾಣುವುದು ಅವರಿಗೆ ಸರಿಬೀಳುವುದಿಲ್ಲವಂತೆ. ಸ್ನಾನದ ಮನೆಯ ಬಿಸಿ ಕೊಳವೆಯ ಮೇಲೆ ಹಾಕಿಕೊಟ್ಟರು.

ನವೆಂಬರಿನ ಚಳಿ ಮೂಳೆಗೆ ಇಳಿಯುತ್ತಿತ್ತು. ಅವರು ಬೀರುವಿನಿಂದ ಬೂದುಬಣ್ಣದ ಉಣ್ಣೆಯ ಕೋಟು ತಂದು ನನ್ನ ಹೆಗಲಿಗೆ ಹೊದಿಸಿದರು. ಗಂಡಸರ ಕೋಟು. ತೋಳು ನನ್ನ ಬೆರಳು ಮುಚ್ಚುತ್ತಿತ್ತು.

"ನನ್ನ ಗಂಡನದು" ಎಂದರು ಅರೆಬರೆ ಇಂಗ್ಲಿಷಿನಲ್ಲಿ. "ಈಗ ಅವನ ಹತ್ತಿರ ಹೋಗುತ್ತೇನೆ. ಬರುತ್ತೀಯಾ?"

ಹೋದದ್ದು ಸ್ಮಶಾನಕ್ಕೆ. ನಾನು ಅಲ್ಲಿವರೆಗೆ ಅಂಥ ಸ್ಮಶಾನ ಕಂಡಿರಲಿಲ್ಲ. ಪ್ರತಿ ಸಮಾಧಿಯ ಮೇಲೂ ಒಂದು ಪುಟ್ಟ ಕೈತೋಟ. ಗೇಟಿನ ಬಳಿ ನೀರು ಹಾಕುವ ಡಬ್ಬಿಗಳನ್ನು ಸಾಲಾಗಿ ತೂಗುಹಾಕಿದ್ದರು. ವಯಸ್ಸಾದವರು ಮಂಡಿಯೂರಿ ಒಣಗಿದ ಎಲೆ ಆರಿಸುತ್ತ, ಕೆಂಪು ಗಾಜಿನೊಳಗೆ ಮೇಣದ ದೀಪ ಹಚ್ಚುತ್ತ ಇದ್ದರು. ಯಾರೂ ಅಳುತ್ತಿರಲಿಲ್ಲ. ತಮ್ಮ ಹೊಲದ ಕೆಲಸಕ್ಕೆ ಬಂದವರ ಹಾಗೆ ಮಗ್ನರಾಗಿದ್ದರು.

ಹೆಲ್ಗಾ ಗಂಡನ ಹೆಸರಿನ ಕಲ್ಲನ್ನು ಬಟ್ಟೆಯಿಂದ ಒರೆಸುತ್ತ ಹೇಳಿದರು: ಇಲ್ಲಿ ಸಮಾಧಿಗೂ ಅವಧಿ ಇದೆ. ಮುಗಿದ ಮೇಲೆ ನೋಡಿಕೊಳ್ಳುವವರು ಯಾರೂ ಮುಂದೆ ಬರದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಕಲ್ಲನ್ನು ತೆಗೆಯುತ್ತಾರೆ.

"ಹಾಗಾದರೆ ಇವರು?"

"ನಾನಿರುವ ತನಕ ಇರುತ್ತಾನೆ."

ಸರ್ ಅವರನ್ನು ಕುರುಗೋಡಿನಲ್ಲಿ ಮಣ್ಣು ಮಾಡಿದ ದಿನ ನೆನಪಾಯಿತು. ಅವರ ಪದ್ಧತಿಯಂತೆ ಕುಳ್ಳಿರಿಸಿ, ಹಣೆಗೆ ವಿಭೂತಿ ಬಳಿದು, ಪತ್ರಿ ಹಾಕಿ ಇಳಿಸಿದ್ದರು. ಜನ ನೂಕಾಡುತ್ತಿದ್ದರು. ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಜೊತೆ ನಾನು ದೂರದಲ್ಲಿ ನಿಂತಿದ್ದೆ. ಒಂದು ಹಿಡಿ ಮಣ್ಣು ಹಾಕಬೇಕೆಂದು ಆಸೆಯಿತ್ತು. ಕೇಳಲು ಸಂಕೋಚವಾಗಿ ಸುಮ್ಮನೆ ಬಂದಿದ್ದೆ. ಹೆಲ್ಗಾ ತಮ್ಮ ಕೈಯಲ್ಲಿದ್ದ ಸಣ್ಣ ಸಲಿಕೆಯನ್ನು ನನ್ನತ್ತ ಚಾಚಿದರು. ಇಬ್ಬರೂ ಸೇರಿ ನೀಲಿ ಹೂವಿನ ಒಂದು ಗಿಡ ನೆಟ್ಟೆವು. ಯಾರದೋ ಗಂಡನ ಕೋಟು ಹಾಕಿಕೊಂಡು, ಯಾರದೋ ಸಮಾಧಿಯ ಮಣ್ಣು ಕೈಗೆ ಮೆತ್ತಿಸಿಕೊಂಡು, ನಾನು ಅಂದು ಮೊದಲ ಸಲ ಸರ್‌ಗಾಗಿ ಅತ್ತೆ.

ಸೋಮವಾರ, ಸಂಸ್ಥೆ

ಬೆಳಿಗ್ಗೆ ಎಲಿಫ್ ನನ್ನನ್ನು ಬಟ್ಟೆಯಂಗಡಿಗೆ ಕರೆದೊಯ್ದಳು. ನಾನು ಒಂದು ಜೀನ್ಸನ್ನು ಒಳಮಗ್ಗುಲು ತಿರುವಿ ಹೊಲಿಗೆ ಎಳೆದು ನೋಡಿದೆ. ಅಂಗಡಿಯವಳು ಗಾಬರಿಯಾದಳು. ನನ್ನಣ್ಣ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಾನೆ. ನಮ್ಮ ಮನೆಯಲ್ಲಿ ಪ್ಯಾಂಟನ್ನು ಯಾರೂ ಹೊರಗಿನಿಂದ ನೋಡುವುದಿಲ್ಲ. "ಅಣ್ಣನ ಹೊಲಿಗೆ ಇದಕ್ಕಿಂತ ಗಟ್ಟಿ" ಎಂದು ಎಲಿಫ್‌ಗೆ ಹೇಳಿ ಅದನ್ನೇ ತೆಗೆದುಕೊಂಡೆ.

ಸಂಸ್ಥೆಯ ಸಭಾಕೋಣೆಯಲ್ಲಿ ಹದಿನೈದು ಜನರಿದ್ದರು. ಮುಖ್ಯಸ್ಥರ ಹೆಸರು ಯೋಹಾನ್, ಮಿತಭಾಷಿ. ಮೊದಲು ಎಲ್ಲರನ್ನೂ ಎದ್ದು ನಿಲ್ಲಿಸಿ ಸರ್ ಹೆಸರು ಹೇಳಿ ಒಂದು ನಿಮಿಷ ಮೌನ ಆಚರಿಸಿದರು. 'ವಿರೂಪಾಕ್ಷಪ್ಪ' ಎಂಬುದನ್ನು ಅವರು ಮೂರು ತುಂಡಾಗಿ ಹೇಳಿದರು, ಆದರೆ ಯಾವ ತುಂಡನ್ನೂ ಬಿಡಲಿಲ್ಲ. ಆಮೇಲೆ ನಾನು ನಮ್ಮ ಕೆಲಸದ ಬಗ್ಗೆ ಮಾತಾಡಿದೆ. ಕುರುಗೋಡಿನ ಗುಡ್ಡದ ಮಾತನ್ನೂ ಹೇಳಿದೆ. ಮುಗಿಸಿದೊಡನೆ ಎಲ್ಲರೂ ಗೆಣ್ಣಿನಿಂದ ಮೇಜು ಕುಟ್ಟತೊಡಗಿದರು. ನಮ್ಮ ಕ್ಲಾಸಿನಲ್ಲಿ ಹುಡುಗರು ಹೀಗೆ ಬೆಂಚು ಕುಟ್ಟಿದರೆ ಪಾಠ ಸಾಕು ಎಂದರ್ಥ. ನಾನು ಅವಸರದಲ್ಲಿ ಕುಳಿತುಬಿಟ್ಟೆ. ಅದು ಈ ದೇಶದ ಚಪ್ಪಾಳೆ ಎಂದು ಎಲಿಫ್ ಕಿವಿಯಲ್ಲಿ ಹೇಳಬೇಕಾಯಿತು.

ಗುಂಪಿನ ಲೆಕ್ಕದಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತ್ತು. ಹಳೆಯ ಕಾಲದ ಭಾರಿ ಗೊಂಚಲುಗಳು ನಿರೀಕ್ಷೆಗಿಂತ ಜಾಸ್ತಿ ಕಾಣುತ್ತಿದ್ದವು. ಹಾಗಿದ್ದರೆ ಡಾರ್ಕ್ ಎನರ್ಜಿ ಸದಾ ಒಂದೇ ಸಮನಾಗಿಲ್ಲ, ಬದಲಾಗುತ್ತ ಬಂದಿದೆ ಎನ್ನಲು ದಾರಿಯಾಗುತ್ತಿತ್ತು. ಕಿಯಾರಾ ಎಂಬ ಇಟಲಿಯ ಹೆಣ್ಣುಮಗಳು ಅದರ ಮೇಲೆಯೇ ತನ್ನ ಪಿಎಚ್‌ಡಿ ಪ್ರಬಂಧ ಬರೆದು ಮುಗಿಸಿದ್ದಳು. ಮುಂದಿನ ತಿಂಗಳು ಒಪ್ಪಿಸಬೇಕಿತ್ತು. ಪ್ರಕಟಣೆಗೆ ಕಳಿಸುವ ಮೊದಲು ಎಲ್ಲರೂ ಕೂಡಿ ಕೊನೆಯ ಸಲ ಪರಿಶೀಲಿಸಲು ಈ ಸಭೆ.

ಊಟದ ಹೊತ್ತಿಗೆ ಎಲಿಫ್ ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು.

"ಪ್ರತಿ ಚಿತ್ರವನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು, ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಿರಬಾರದು. ಅಲ್ಲವೆ?"

"ಹೌದು."

"ಬೇರೆ ದೇಶಗಳಲ್ಲಿ ನೋಡಿದ ಇಬ್ಬರಿಬ್ಬರ ಉತ್ತರಗಳೂ ಅಲ್ಲಲ್ಲಿ ಒಪ್ಪಿಲ್ಲ. ನೀವಿಬ್ಬರೂ ಮೊದಲ ಕಂತುಗಳಲ್ಲಿ ಕೆಲವೆಡೆ ಒಪ್ಪಿಲ್ಲ. ಆದರೆ ನಿಮ್ಮ ಕೊನೆಯ ಕಂತಿನ ನೂರಿಪ್ಪತ್ತು ಚಿತ್ರಗಳಲ್ಲಿ ಒಂದರಲ್ಲೂ ಭಿನ್ನಾಭಿಪ್ರಾಯವಿಲ್ಲ." ಅವಳು ತಡೆದು ಹೇಳಿದಳು: "ಇಬ್ಬರು ಮನುಷ್ಯರು ಇಷ್ಟು ಒಪ್ಪುವುದಿಲ್ಲ, ಶಾಹೀನಾ."

ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿದಳು: ಪಕ್ಕಪಕ್ಕ ಎರಡು ಕಾಲಂ, ಒಂದು ಸರ್ ಅವರದು, ಇನ್ನೊಂದು ನನ್ನದು.

"ಫೈಲು ಜೋಡಿಸುವಾಗ ಒಂದು ಕಾಲಂ ಎರಡು ಸಲ ನಕಲಾಗಿರಬಹುದು. ಹಾಗೆ ಆಗುತ್ತಿರುತ್ತದೆ" ಎಂದಳು. ನನಗಾಗಿ ಅವಳೇ ಒಂದು ಬಾಗಿಲು ತೆರೆದಿಟ್ಟಿದ್ದಳು.

"ನೋಡಿ ಹೇಳುತ್ತೇನೆ" ಎಂದೆ. ನೋಡುವ ಮೊದಲೇ ನನಗೆ ಗೊತ್ತಿತ್ತು. ಆ ಕಂತನ್ನು ನಾನು ನೋಡಿರಲೇ ಇಲ್ಲ. ಪರೀಕ್ಷೆಯ ಪತ್ರಿಕೆಗಳ ಮೌಲ್ಯಮಾಪನ ನಡೆದಿದ್ದ ದಿನಗಳು. ಸರ್ ತಮ್ಮ ಉತ್ತರ ಇದ್ದ ಫೈಲನ್ನೇ ಕಳಿಸಿದ್ದರು. ಮೊದಲ ಎಂಟು ಹತ್ತು ಚಿತ್ರ ತೆರೆದು ನೋಡಿದೆ, ಸರಿಯಾಗಿದ್ದವು. ಸರ್ ನೋಡಿದ್ದನ್ನು ನಾನು ಮತ್ತೇನು ನೋಡುವುದು ಎಂದುಕೊಂಡು ಉಳಿದದ್ದನ್ನೆಲ್ಲ ಅವರ ಕಾಲಮಿನಿಂದ ನನ್ನ ಕಾಲಮಿಗೆ ಎಳೆದು ಕಳಿಸಿಬಿಟ್ಟಿದ್ದೆ. ಅದನ್ನು ಗೌರವ ಎಂದುಕೊಂಡಿದ್ದೆ.

ಮಂಗಳವಾರ, ಇಸಾರ್ ನದಿಯ ದಡ

ಬೆಳಿಗ್ಗೆ ಎಂಟಕ್ಕೆ ಕುಳಿತು ನೂರಿಪ್ಪತ್ತು ಚಿತ್ರಗಳನ್ನೂ ಒಂದೊಂದಾಗಿ ತೆರೆದೆ. ಹನ್ನೊಂದನೆಯದರಲ್ಲೇ ಸಿಕ್ಕಿತು: ಹಳದಿ ಗೆಲಾಕ್ಸಿಗಳ ನಡುವೆ, ಆರಲಿರುವ ಕೆಂಡದ ಬಣ್ಣದ ಚುಕ್ಕೆಗಳ ಇನ್ನೊಂದು ಗುಂಪು. ಜೋಡಿ. ಸರ್ 'ಒಂದು' ಎಂದು ಬರೆದಿದ್ದರು. ಹದಿನೈದನೆಯದು ಹಾಗೆಯೇ. ಇಪ್ಪತ್ತೆರಡನೆಯದು ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಪುಟದ ತುಂಬ ಗುರುತು ಹಾಕಿದ್ದೆ.

ಅವು ಎಲ್ಲೆಂದರಲ್ಲಿ ಆದ ತಪ್ಪುಗಳಲ್ಲ. ಸರ್ ಹೊಳೆಯುವ ಜೋಡಿಗಳನ್ನು ಒಂದನ್ನೂ ಬಿಟ್ಟಿರಲಿಲ್ಲ. ತಪ್ಪಿದ್ದೆಲ್ಲ ಮಂಕು ಕೆಂಪು. ಇದು ಉದಾಸೀನದ ತಪ್ಪಲ್ಲ, ಕಣ್ಣಿನದು. ಹೋದ ವರ್ಷದಿಂದ ಅವರು ಬೋರ್ಡಿನ ಹತ್ತಿರ ಹೋಗಿ ನಿಲ್ಲುತ್ತಿದ್ದದ್ದು, ಹಾಜರಿ ಪುಸ್ತಕವನ್ನು "ನೀ ಕೂಗವ್ವಾ" ಎಂದು ನನಗೆ ಕೊಡುತ್ತಿದ್ದದ್ದು, ಬಸ್ಸಿನ ಬೋರ್ಡು ಓದದೆ ಕಂಡಕ್ಟರನ ಕೂಗಿಗೆ ಕಾಯುತ್ತಿದ್ದದ್ದು, ಎಲ್ಲವೂ ಒಂದರ ಪಕ್ಕ ಒಂದು ಬಂದು ನಿಂತವು. ನಾನು ಎಲ್ಲವನ್ನೂ ಕಂಡಿದ್ದೆ. ಯಾವುದನ್ನೂ ನೋಡಿರಲಿಲ್ಲ.

ಲ್ಯಾಪ್‌ಟಾಪು ಮುಚ್ಚಿ ಹೊರಗೆ ಹೊರಟೆ. ಒಂದು ಅಡ್ಡರಸ್ತೆಯಲ್ಲಿ ಕೆಂಪು ದೀಪ ಹತ್ತಿತ್ತು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಒಂದು ಸೈಕಲ್ಲೂ ಇಲ್ಲ. ಆದರೂ ನಾಲ್ಕು ಜನ ನಿಂತು ಕಾಯುತ್ತಿದ್ದರು. ನಾನು ದಾಟಲು ಕಾಲಿಟ್ಟೆ. ಒಬ್ಬ ಮುದುಕ ತನ್ನ ಪಕ್ಕದ ಮಗುವನ್ನು ತೋರಿಸಿ ತಲೆಯಾಡಿಸಿದ. ಮಗು ನೋಡುತ್ತಿದೆ, ಎಂದಿರಬೇಕು. ಹಿಂದೆ ಸರಿದು ನಿಂತೆ. ನಮ್ಮ ಬಳ್ಳಾರಿಯ ಮೋತಿ ಸರ್ಕಲ್ಲಿನಲ್ಲಿ ಯಾರಾದರೂ ಹೀಗೆ ನಿಂತರೆ ಹಿಂದಿನ ಗಾಡಿಯವನು ಆರೋಗ್ಯ ವಿಚಾರಿಸಿಯಾನು.

ಇಸಾರ್ ನದಿ ನಮ್ಮ ತುಂಗಭದ್ರೆಯ ಹಾಗಲ್ಲ. ಸಿರುಗುಪ್ಪದ ಪಕ್ಕದ ಕೆಂಚನಗುಡ್ಡದ ಬಳಿ ಹೊಳೆ ಬಂಡೆಗಳ ನಡುವೆ ಅಗಲವಾಗಿ ಹರಡಿಕೊಳ್ಳುತ್ತದೆ. ಇದು ಹಸಿರು ಬಣ್ಣದ, ತಣ್ಣನೆಯ, ಅವಸರದ ನೀರು. ದಡದ ಬೆಂಚಿನ ಮೇಲೆ ಕುಳಿತು ಸರ್ ಅವರ ಹೆಂಡತಿ ಶಾಂತಮ್ಮನವರಿಗೆ ಫೋನು ಹಚ್ಚಿದೆ. ಕುರುಗೋಡಿನಲ್ಲಿ ಆಗ ಸಂಜೆ ಏಳೂವರೆ.

"ಮುಟ್ಟಿದೇನು ತಂಗಿ? ಥಂಡಿ ಭಾಳ ಐತೇನು? ಉಂಡಿ?"

"ಉಂಡೀನ್ರಿ ಅಕ್ಕಾರ. ಒಂದು ಮಾತು ಕೇಳಬೇಕಿತ್ತು. ಸರ್‌ಗೆ ಕಣ್ಣಿನ ತೊಂದ್ರಿ ಏನರ ಇತ್ತೇನ್ರಿ?"

ಆಚೆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಸಕ್ಕರಿ ಕಾಯಿಲಿ ಕಣ್ಣಿಗಿ ಇಳದೈತಿ ಅಂತ ಬಳ್ಳಾರಿ ಡಾಕ್ಟ್ರು ಹೇಳಿದ್ರು" ಎಂದರು. "ಯಾರಿಗೂ ಹೇಳಬ್ಯಾಡ ಅಂದಿದ್ರು. ನಿನಗಂತೂ ಹೇಳಲೇಬ್ಯಾಡ ಅಂದಿದ್ರು. ಆಕಿಗೆ ಗೊತ್ತಾದ್ರ ಆ ಫೋಟೊ ನೋಡೋ ಕೆಲಸ ಬಿಡಿಸ್ತಾಳ ಅಂತ. ಅದೊಂದಕ್ಕ ಜೀವ ಹಿಡಕೊಂಡಂಗ ಇದ್ರು. ಯಾಕ, ಏನಾತು?"

"ಏನಿಲ್ರಿ. ಸುಮ್ನ ಕೇಳಿದೆ" ಎಂದೆ.

ಫೋನು ಇಟ್ಟ ಮೇಲೆ ಲೆಕ್ಕ ಹಾಕುತ್ತ ಕುಳಿತೆ. ಮೂರು ದಾರಿಗಳಿದ್ದವು. ಫೈಲು ನಕಲಾಗಿದೆ ಎನ್ನಬಹುದು. ಸರ್ ಕಣ್ಣು ಹೋಗಿತ್ತು, ತಪ್ಪು ಅವರದು ಎನ್ನಬಹುದು, ಸತ್ತವರು ಎದುರಾಡುವುದಿಲ್ಲ. ಮೂರನೆಯದು ಏನೆಂದು ಗೊತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾಲ್ಕು ಸಲ ಮನಸ್ಸಿನಲ್ಲಿ ಹೇಳಿ ನೋಡಿದೆ. ನಾಲ್ಕು ಸಲವೂ 'ನಾನು' ಎಂಬಲ್ಲಿಗೆ ಬಂದು ಮಾತು ನಿಲ್ಲುತ್ತಿತ್ತು.

ಬುಧವಾರ

ಸಭೆಯಲ್ಲಿ ಎಲಿಫ್ ಕೊನೆಯ ಕಂತಿನ ಮಾತೆತ್ತಿದಳು. "ಫೈಲು ಜೋಡಿಸುವಾಗ ಆದ ತೊಂದರೆ ಇರಬಹುದೇ ಎಂದು ನೋಡುತ್ತಿದ್ದೇವೆ" ಎಂದು ನನ್ನ ಮುಖ ನೋಡಿದಳು.

ನಾನು ಎದ್ದು ನಿಂತೆ. ಅಲ್ಲಿ ಯಾರೂ ಎದ್ದು ಮಾತಾಡುವುದಿಲ್ಲ. ನನಗೆ ಕುಳಿತು ಹೇಳಲು ಆಗಲಿಲ್ಲ.

"ಫೈಲಿನ ತಪ್ಪಲ್ಲ. ವಿರೂಪಾಕ್ಷಪ್ಪ ಸರ್ ಕಣ್ಣು ಮಂಜಾಗಿತ್ತು. ಅವರು ಅದನ್ನು ಮುಚ್ಚಿಟ್ಟರು. ಒಬ್ಬರ ಕಣ್ಣು ತಪ್ಪಿದರೆ ಇನ್ನೊಬ್ಬರ ಕಣ್ಣು ಹಿಡಿಯಲಿ ಎಂದೇ ನೀವು ಎರಡು ಕಾಲಂ ಇಟ್ಟಿದ್ದೀರಿ. ಎರಡನೆಯ ಕಾಲಂ ನನ್ನದು. ನಾನು ಚಿತ್ರಗಳನ್ನು ನೋಡದೆ ಅವರ ಉತ್ತರಗಳನ್ನೇ ನಕಲು ಮಾಡಿ ಕಳಿಸಿದೆ. ನನ್ನ ಕಣ್ಣು ಚೆನ್ನಾಗಿಯೇ ಇತ್ತು."

ಯಾರೂ ಮೇಜು ಕುಟ್ಟಲಿಲ್ಲ. ಕಿಯಾರಾ ತನ್ನ ಲ್ಯಾಪ್‌ಟಾಪು ಮುಚ್ಚಿ ಎದ್ದು ಹೊರಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ಈ ದೇಶದ ಬಾಗಿಲುಗಳನ್ನು ಸಿಟ್ಟಿನಿಂದ ಬಡಿಯಲೂ ಆಗುವುದಿಲ್ಲ. ಬಡಿದಿದ್ದರೆ ನನಗೆ ಹಗುರವಾಗುತ್ತಿತ್ತು.

ಯೋಹಾನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ, ಸಮಾಧಾನದ ಮಾತಿಗೂ ಸಿದ್ಧಳಾಗಿದ್ದೆ. ಅವರು ಎರಡನ್ನೂ ಆಡಲಿಲ್ಲ.

"ಮತ್ತೆ ನೋಡಲು ಎಷ್ಟು ದಿನ ಬೇಕು?"

"ಈ ಕಂತು ಮಾತ್ರವಲ್ಲ, ನಮ್ಮ ಎಲ್ಲ ಕಂತುಗಳನ್ನೂ ನೋಡುತ್ತೇನೆ. ಒಂದು ವಾರ."

"ಎರಡನೆಯ ಕಾಲಂ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಕಿಯಾರಾ ಹೋಗಿದ್ದು ಮುಖ ತೊಳೆಯಲು. ರೆಪ್ಪೆ ಒದ್ದೆಯಾಗಿತ್ತು. "ನಾನು ನೋಡುತ್ತೇನೆ" ಎಂದಳು. ನನ್ನ ಕಡೆ ತಿರುಗಲಿಲ್ಲ.

ಅಲ್ಲಿಂದ ಒಂಬತ್ತು ದಿನ

ವಾರ ಎಂದದ್ದು ಒಂಬತ್ತು ದಿನವಾಯಿತು. ನಾನು ಹೊರಡುವ ದಿನವನ್ನು ಮುಂದಕ್ಕೆ ಹಾಕಿಸಿಕೊಂಡೆ. ನಾನು ಒಂದು ಕೋಣೆಯಲ್ಲಿ, ಕಿಯಾರಾ ಎದುರು ಕೋಣೆಯಲ್ಲಿ. ನಡುವೆ ಮಾತಿಲ್ಲ, ಉತ್ತರಗಳ ವಿನಿಮಯವಂತೂ ಇಲ್ಲವೇ ಇಲ್ಲ. ಮೊದಲ ಎರಡು ದಿನ ಅವಳು ಎದುರಾದರೆ ಗೋಡೆಯ ಕಡೆ ನೋಡಿಕೊಂಡು ಹೋಗುತ್ತಿದ್ದಳು. ಅವಳ ತಪ್ಪೇನು? ನಾನು ಒಂದು ಸಲ ಬೆರಳು ಎಳೆದು ತುಂಬಿದ ಕಾಲಮಿನ ಮೇಲೆ ಅವಳು ತಿಂಗಳುಗಟ್ಟಲೆ ಲೆಕ್ಕ ಕಟ್ಟಿದ್ದಳು. ನಾನು ಕ್ಷಮೆ ಕೇಳಿದರೆ ಆ ತಿಂಗಳುಗಳು ಅವಳಿಗೆ ಮರಳಿ ಬರುವುದಿಲ್ಲ. ಆದರೂ ಕೇಳಿದೆ. "ಈಗ ಬೇಡ" ಎಂದಳು. ಸರಿ ಎಂದೆ.

ಈ ನಡುವೆ ಕಳೆದ ಬ್ಯಾಗು ಬಂತು. ಶೇಂಗಾ ಚಟ್ನಿಪುಡಿಯ ಡಬ್ಬಿ ಒಡೆದು ಒಳಗಿನ ಬಟ್ಟೆಗೆಲ್ಲ ಬೆಳ್ಳುಳ್ಳಿ ಖಾರ ಹತ್ತಿತ್ತು. ಹೆಲ್ಗಾ ಸೀನುತ್ತ ಸೀನುತ್ತ ಎರಡು ಸಲ ಒಗೆದುಕೊಟ್ಟರು. ಉಳಿದ ಪುಡಿಯನ್ನು ಸಂಸ್ಥೆಗೆ ಒಯ್ದು ಅಲ್ಲಿನ ಗಟ್ಟಿ ಕರಿ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಿದ್ದೆ. ಆರನೆಯ ದಿನ ಕಿಯಾರಾ ನನ್ನ ಬಾಗಿಲಲ್ಲಿ ಬಂದು ನಿಂತು, "ಅದೇನು ವಾಸನೆ?" ಎಂದಳು. ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಎರಡನೆಯ ತುಂಡು ಕೇಳಿದಳು. ಸ್ನೇಹವಾಯಿತು ಎನ್ನಲಾರೆ. ಗೋಡೆ ನೋಡುವುದನ್ನು ಮಾತ್ರ ಬಿಟ್ಟಳು.

ಕೊನೆಗೆ ಇಬ್ಬರ ಕಾಲಂಗಳನ್ನೂ ಪಕ್ಕಪಕ್ಕ ಇಟ್ಟಾಗ, ಆ ನೂರಿಪ್ಪತ್ತರಲ್ಲಿ ಹದಿಮೂರು ಚಿತ್ರಗಳಲ್ಲಿ ನಾವು ಒಪ್ಪಿರಲಿಲ್ಲ. ಎಲಿಫ್ ಅದನ್ನು ನೋಡಿ ನಕ್ಕಳು. ನನಗೂ ನಿರಾಳವಾಯಿತು. ಆ ಹದಿಮೂರನ್ನು ಮೂರನೆಯವಳಾಗಿ ಅವಳೇ ತೀರ್ಮಾನಿಸಿದಳು. ಹಳೆಯ ಕಂತುಗಳಲ್ಲಿ ಸರ್ ಬರೆದದ್ದೆಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಜೋಡಿಗಳನ್ನು ಬೇರೆ ಮಾಡಿ ಹಾಕಿದ ಹೊಸ ಲೆಕ್ಕದಲ್ಲಿ ಹಳೆಯ ಕಾಲದ ಭಾರಿ ಗೊಂಚಲುಗಳು ಕಡಿಮೆಯಾದವು. ಡಾರ್ಕ್ ಎನರ್ಜಿ ಬದಲಾಗುತ್ತ ಬಂದಿದೆ ಎಂಬ ಸುಳಿವು ಪೂರ್ತಿ ಅಳಿಯಲಿಲ್ಲ. ಆದರೆ ಎದೆ ತಟ್ಟಿ ಹೇಳುವಷ್ಟು ಉಳಿಯಲಿಲ್ಲ. ಪ್ರಕಟಣೆ ಮುಂದಕ್ಕೆ ಹೋಯಿತು. ಕಿಯಾರಾ ತನ್ನ ಪ್ರಬಂಧದ ಮುಖ್ಯ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕಾಯಿತು. ಯೋಹಾನ್ ನನಗೆ ಹೇಳಿದ್ದು ಇಷ್ಟೆ: "ವರದಿಯಲ್ಲಿ ಇದನ್ನು ಬರೆಯಬೇಕು. ಹೇಗೆ ಬರೆಯಬೇಕೆಂದು ನೀವೇ ತೀರ್ಮಾನಿಸಿ." ನಾನು ಮೂರು ಸಾಲು ಬರೆದುಕೊಟ್ಟೆ. ಅವರು ಒಂದು ಅಲ್ಪವಿರಾಮವನ್ನು ಮಾತ್ರ ತಿದ್ದಿದರು.

ಸಿರುಗುಪ್ಪ

ಊರಿಗೆ ಮುಟ್ಟಿದಾಗ ಗದ್ದೆಗಳಲ್ಲಿ ಭತ್ತದ ಕೊಯ್ಲು ನಡೆದಿತ್ತು. ರಸ್ತೆಯ ಅಂಚಿನುದ್ದಕ್ಕೂ ಭತ್ತ ಒಣಹಾಕಿದ್ದರು. ಅಮ್ಮಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ಗೊಂಚಲೂ ಗೊತ್ತಿಲ್ಲ, ಡಾರ್ಕ್ ಎನರ್ಜಿಯೂ ಗೊತ್ತಿಲ್ಲ. ನೋಡದೆ ನೋಡಿದೆನೆಂದು ಬರೆದೆ ಎಂಬುದಷ್ಟೇ ಅವಳಿಗೆ ತಿಳಿಯಬೇಕಾಗಿದ್ದದ್ದು.

"ಅಲ್ಲಿ ಮಂದಿ ಮುಂದ ಒಪ್ಪಿಕೊಂಡು ಬಂದಿ, ಛಲೋ ಆತು" ಎಂದಳು. "ಆದ್ರ ಕುರುಗೋಡಿನಾಗ ಆ ಹೆಣ್ಮಗಳಿಗೆ ಏನಿಲ್ರಿ ಅಂತ ಸುಳ್ಳು ಹೇಳೀದಿ. ಅದು ಉಳದೈತಿ. ನಾಳಿ ಬಸ್ಸಿಗಿ ಹೋಗು."

"ಸರ್ ತಪ್ಪು ಮಾಡಿದ್ರು ಅಂತ ಆಕಿ ಮುಂದ ಹೆಂಗ ಹೇಳ್ಲಿ ಅಮ್ಮಿ? ಇನ್ನಾ ಮೂರು ತಿಂಗಳ ಆಗಿಲ್ಲ."

"ಹಗೂರಕ ಹೇಳು. ಹೇಳದ ಮಾತ್ರ ಬರಬ್ಯಾಡ."

ಕುರುಗೋಡು

ಶಾಂತಮ್ಮನವರು ಮನೆಯ ಮುಂದಿನ ಪಡಸಾಲೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಸರ್ ಇದ್ದಾಗಲೂ ಮಾಡುತ್ತಿದ್ದರು. ನಾನು ಹೋದಾಗ ಒಲೆಯ ಮುಂದೆ ಒಬ್ಬರೇ ಇದ್ದರು. "ಬಾ ತಂಗಿ" ಎಂದು ಮಣೆ ಹಾಕಿ, ಕೈಯ ರೊಟ್ಟಿ ಬಡಿಯುತ್ತಲೇ ಕೇಳತೊಡಗಿದರು. ಹಂಚಿನ ಮೇಲೆ ರೊಟ್ಟಿ ಉಬ್ಬಿ ಇಳಿಯುತ್ತಿತ್ತು. ನಾನು ಹೇಳುತ್ತ ಹೋದೆ. ಸರ್‌ಗೆ ಕಾಣದ ಕೆಂಪು ಚುಕ್ಕೆಗಳ ಮಾತು ಬಂದಾಗ ಅವರ ಕೈ ನಿಂತಿತು.

"ಹಂಗಾದ್ರ ಇವರ ತಪ್ಪಿನಿಂದ ಅಷ್ಟೂ ಮಂದಿ ಕೆಲಸ ಕೆಟ್ಟಿತು."

"ಇಲ್ರಿ ಅಕ್ಕಾರ. ಸರ್‌ಗೆ ಕಾಣಲಿಲ್ಲ. ನನಗ ಕಾಣ್ತಿತ್ತು, ನಾ ನೋಡಲಿಲ್ಲ. ಹಂಗ ಬರದು ಕೊಟ್ಟೀನಿ."

"ಅವರ ಹ್ಯಾಸರು ತೆಗದ್ರೇನು?"

"ತೆಗದಿಲ್ರಿ. ಹಿಂದಿನ ಕೆಲಸ ಎಲ್ಲಾ ಸರಿ ಐತಿ. ಹ್ಯಾಸರು ಇರ್ತದ."

ಹಂಚಿನ ರೊಟ್ಟಿಯ ಅಂಚು ಕರಿಯಾಗಿ ಹೊಗೆ ಬಂತು. ಅವರು ಅದನ್ನು ತೆಗೆಯಲಿಲ್ಲ. ನಾನೇ ಎತ್ತಿ ಪಕ್ಕಕ್ಕಿಟ್ಟೆ.

"ನಾ ಒಂದು ಮಾತು ಹೇಳಿದ್ರ ಹಿಂಗ ಆಗತಿದ್ದಿಲ್ಲ" ಎಂದರು ಶಾಂತಮ್ಮ. "ರೊಟ್ಟಿ ಮ್ಯಾಲಿನ ಎಳ್ಳು ಕಾಣ್ತಿದ್ದಿಲ್ಲ ಅವರಿಗಿ. ಕೈಲೆ ಸವರಿ, ಎಳ್ಳ ಹಚ್ಚೀಯೇನು ಅಂತ ಕೇಳ್ತಿದ್ರು. ಅಂಥವರು ಅಂಗೈಯಗಲ ಪರದಿ ಮ್ಯಾಲೆ ಚುಕ್ಕಿ ನೋಡ್ತಿದ್ರು. ನನಗ ಗೊತ್ತಿತ್ತು. ನಿನಗ ಫೋನ್ ಮಾಡಬೇಕಂತ ಎಷ್ಟೋ ಸಲ ಅನ್ಕೊಂಡೆ. ಸಿಟ್ಟಾಗ್ತಾರಂತ ಬಿಟ್ಟೆ. ಬರಿಯೂದಾದ್ರ ನನ್ನ ಹ್ಯಾಸರೂ ಬರೀಬೇಕಾಗಿತ್ತು ನೀನು."

ನಾನು ಒಲೆಯ ಉರಿ ತಗ್ಗಿಸಿದೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ನನ್ನ ಪಕ್ಕ ಬಂದು ಕುಳಿತರು.

"ಏನು ಕಾಣಲಿಲ್ಲ ಅವರಿಗಿ? ತೋರ್ಸು."

ಲ್ಯಾಪ್‌ಟಾಪು ತೆರೆದು ಹನ್ನೊಂದನೆಯ ಚಿತ್ರ ಹಾಕಿದೆ. ಎಲ್ಲಿ ನೋಡಬೇಕೆಂದು ನಾನು ಹೇಳಲಿಲ್ಲ. ಶಾಂತಮ್ಮನವರು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವರು. ಗಂಡ ಇಷ್ಟು ವರ್ಷ ಆ ಪರದೆಯ ಮುಂದೆ ಕುಳಿತಿದ್ದರೂ ಒಮ್ಮೆಯೂ ಅದರೊಳಗೆ ಇಣುಕಿದವರಲ್ಲ. ಅವರು ಮುಖ ಹತ್ತಿರ ತಂದು ನಿಧಾನವಾಗಿ ನೋಡಿದರು. ಹಿಟ್ಟಿನ ಗುರುತು ಉಳಿದಿದ್ದ ಬೆರಳು ಹಳದಿ ಗುಂಪಿನ ಮೇಲೆ ಒಂದು ಸುತ್ತು ಹಾಕಿ ಕೆಳಗೆ ಸರಿಯಿತು, ನಿಂತಿತು.

"ಇಲ್ಲಿ ಅದಾವು" ಎಂದರು. "ಸಣ್ಣವು. ಕೆಂಪನ್ನವು. ಇವೇ ಏನು?"

"ಇವೇರಿ ಅಕ್ಕಾರ."

ಬಹಳ ಹೊತ್ತು ಅವುಗಳನ್ನೇ ನೋಡಿದರು. ಗಿರಾಕಿಯೊಬ್ಬರು ಬಂದು ಬಾಗಿಲಲ್ಲಿ ನಿಂತು ರೊಟ್ಟಿ ಕೇಳಿದರು. ಶಾಂತಮ್ಮನವರು ತಲೆಯೆತ್ತದೆ, ತುಸು ತಡೀರಿ ಎಂದು ಕೈ ತೋರಿಸಿದರು.

"ಇನ್ನೊಂದು ತೋರ್ಸು" ಎಂದರು ನನಗೆ.